ಈಜುಕೊಳ ಮುಚ್ಚಿದ ಮೇಲೆ ಸಂಬಳ ಕೊಡುವವರು ಯಾರು?

ಇಂಗ್ಲೆಂಡಿನ ಕೌನ್ಸಿಲ್ ಅಂದರೆ ಹೆಚ್ಚೂಕಮ್ಮಿ ನಮ್ಮ ನಗರಸಭೆ. ಕಸ ಒಯ್ಯುವುದು, ಪಾರ್ಕು, ಮನೆಯಿಲ್ಲದವರಿಗೆ ಸೂರು ಹುಡುಕುವುದು ಇಂಥವೆಲ್ಲ ಅದರ ಕೆಲಸ. ಜೊತೆಗೆ ಈಜುಕೊಳ, ಜಿಮ್, ನಾಟಕದ ಥಿಯೇಟರ್, ಕಾರ್ ಪಾರ್ಕುಗಳನ್ನೂ ಎಷ್ಟೋ ಕೌನ್ಸಿಲ್‌ಗಳು ನಡೆಸುತ್ತವೆ. ನಾನು ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಕೌನ್ಸಿಲ್‌ನಲ್ಲಿ ಸಂಬಳದ ಲೆಕ್ಕ ನೋಡುವ ಪೇರೋಲ್ ವಿಭಾಗದಲ್ಲಿದ್ದೇನೆ. ಕೋವಿಡ್ ಬಂದಾಗ ಇಲ್ಲಿ ನಡೆದದ್ದನ್ನು ಊರಿನವರಿಗೆ ಹೇಳಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು.

2020ರ ಮಾರ್ಚ್ 20, ಶುಕ್ರವಾರ. ಅವತ್ತು ರಾತ್ರಿಯಿಂದ ಪಬ್, ಹೋಟೆಲ್, ಜಿಮ್, ಈಜುಕೊಳ ಎಲ್ಲ ಮುಚ್ಚಬೇಕು ಅಂತ ಪ್ರಧಾನಿ ಬೋರಿಸ್ ಜಾನ್ಸನ್ ಹೇಳಿದರು. ಅದೇ ದಿನ ಹಣಕಾಸು ಸಚಿವ ರಿಷಿ ಸುನಕ್ ಇನ್ನೊಂದು ಘೋಷಣೆ ಮಾಡಿದರು. ಕೆಲಸ ಇಲ್ಲ ಅಂತ ಜನರನ್ನು ತೆಗೆಯಬೇಡಿ, ಮನೆಯಲ್ಲಿ ಇರಿಸಿ, ಅವರ ಸಂಬಳದ ಶೇ. 80ರಷ್ಟನ್ನು ಸರ್ಕಾರ ಕೊಡುತ್ತದೆ, ತಿಂಗಳಿಗೆ 2,500 ಪೌಂಡ್ ಮಿತಿ. ಇದಕ್ಕೇ ಇಲ್ಲಿ ಫರ್ಲೋ ಅಂದರು. ಕೆಲಸ ಉಳಿಯುತ್ತದೆ, ಆದರೆ ಆ ಕೆಲಸ ಮಾಡುವ ಹಾಗಿಲ್ಲ. ಒಂದು ಇಮೇಲ್‌ಗೆ ಉತ್ತರ ಬರೆದರೂ ನಿಯಮ ಮುರಿದ ಹಾಗೆ.

ತುಮಕೂರಿನಲ್ಲಿರುವ ನಮ್ಮ ಅಕ್ಕ ಫೋನಿನಲ್ಲಿ ಕೇಳಿದಳು, "ಮುನ್ಸಿಪಾಲ್ಟಿ ಅಂದ್ರೆ ಸರ್ಕಾರಿ ಕೆಲಸ ಅಲ್ವೇನೋ? ಅವರ ಸಂಬಳಕ್ಕೆ ಯಾಕೆ ತೊಂದರೆ?"

ಸರಿಯಾದ ಪ್ರಶ್ನೆ. ಸರ್ಕಾರದ ನಿಯಮವೂ ಮೊದಲು ಅದನ್ನೇ ಹೇಳಿತು. ಸಂಬಳಕ್ಕೆ ಸಾರ್ವಜನಿಕ ಹಣ ಬರುತ್ತಿದ್ದರೆ, ಆ ಹಣ ಮುಂದೆಯೂ ಬರುವುದಿದ್ದರೆ, ಅಂಥ ನೌಕರರನ್ನು ಫರ್ಲೋಗೆ ಹಾಕಬಾರದು. ಎಂದಿನಂತೆ ಸಂಬಳ ಕೊಡಿ, ಬೇಕಾದರೆ ಕೋವಿಡ್ ಕೆಲಸಕ್ಕೆ ಹಚ್ಚಿ. ಆದರೆ ಈಜುಕೊಳದ ಲೈಫ್‌ಗಾರ್ಡ್‌ಗೆ ಸಂಬಳ ಬರುವುದು ಬಹುಪಾಲು ಟಿಕೆಟ್ ಹಣದಿಂದ. ಥಿಯೇಟರಿನ ಬಾಗಿಲಲ್ಲಿ ನಿಲ್ಲುವವರದ್ದೂ ಹಾಗೇ. ಬಾಗಿಲು ಮುಚ್ಚಿದರೆ ಆ ಹಣ ನಿಂತಿತು. ಅಂಥವರಿಗೆ ಬೇರೆ ಕೆಲಸ ಕೊಡಲು ಆಗದಿದ್ದರೆ ಕೌನ್ಸಿಲ್ ಕೂಡ ಫರ್ಲೋ ಕೇಳಬಹುದಿತ್ತು. ಹಲವು ಕೌನ್ಸಿಲ್‌ಗಳು ಕೇಳಿದವು. ನಮ್ಮದೂ ಕೇಳಿತು.

ಹೀಗಾಗಿ ಒಂದು ಪಟ್ಟಿ ತಯಾರಾಯಿತು. ಯಾರ ಸಂಬಳ ಮನೆ ತೆರಿಗೆಯಿಂದ ಬರುತ್ತದೆ, ಯಾರದ್ದು ಗಿರಾಕಿಯ ಜೇಬಿನಿಂದ? ಒಂದೇ ಬಿಲ್ಲೆ ಕೊರಳಿಗೆ ಹಾಕಿಕೊಂಡು, ಒಂದೇ ಕ್ಯಾಂಟೀನಿನಲ್ಲಿ ಚಹಾ ಕುಡಿದವರು ಅಲ್ಲಿ ಎರಡಾದರು. ಲೈಬ್ರರಿಯವರು ಒಂದು ಕಡೆ, ಈಜು ಕಲಿಸುವವರು ಇನ್ನೊಂದು ಕಡೆ. ತಮ್ಮ ಸಂಬಳ ಯಾವ ಖಾತೆಯಿಂದ ಬರುತ್ತದೆ ಅಂತ ಅಲ್ಲಿಯವರೆಗೆ ಅವರಲ್ಲಿ ಯಾರೂ ಯೋಚಿಸಿರಲಿಲ್ಲ. ಯೋಚಿಸುವ ಅಗತ್ಯವೂ ಇರಬಾರದು ಅಂತ ನನ್ನ ನಂಬಿಕೆ. ಊರಿನ ಮಕ್ಕಳಿಗೆ ಈಜು ಕಲಿಸುವುದೂ ಊರಿನ ಕೆಲಸವೇ.

ಲೈಬ್ರರಿಯ ಸಿಬ್ಬಂದಿಗೆ ಬೇಗ ಬೇರೆ ಕೆಲಸ ಸಿಕ್ಕಿತು. ಮನೆಯಿಂದ ಹೊರಗೇ ಬರಬೇಡಿ ಅಂತ ಸರ್ಕಾರ ಹೇಳಿದ್ದ ಕಾಯಿಲೆಯವರು ಇಂಗ್ಲೆಂಡಿನಲ್ಲಿ ಸುಮಾರು 22 ಲಕ್ಷ ಜನ ಇದ್ದರು. ನಮ್ಮ ಊರಲ್ಲಿದ್ದ ಅಂಥವರಿಗೆ ಇವರು ಫೋನ್ ಮಾಡಿ, ದಿನಸಿ ಬಂತಾ, ಔಷಧಿ ಇದೆಯಾ ಅಂತ ವಿಚಾರಿಸುತ್ತಿದ್ದರು. ಲೈಫ್‌ಗಾರ್ಡ್‌ಗಳಲ್ಲಿ ಕೆಲವರನ್ನು ದಿನಸಿ ಪೊಟ್ಟಣ ಕಟ್ಟಲು ಕರೆದರು. ಉಳಿದವರಿಗೆ ಪತ್ರ ಹೋಯಿತು. ಫರ್ಲೋಗೆ ಹಾಕುವ ವಿಷಯವನ್ನು ಬರಹದಲ್ಲೇ ತಿಳಿಸಬೇಕಿತ್ತು. ಕಾನೂನಿನ ಮಟ್ಟಿಗೆ ಆ ಪತ್ರದಲ್ಲಿ ಏನೂ ತಪ್ಪಿರಲಿಲ್ಲ. ಆದರೆ ಓದಿದವರಿಗೆ "ನೀವು ಸದ್ಯಕ್ಕೆ ಬೇಡ" ಅಂತಲೇ ಕೇಳಿಸಿತು. ಊರಿಗೆ ಊರೇ ಕೈಜೋಡಿಸುತ್ತಿದ್ದಾಗ ಮೈಯಲ್ಲಿ ಕಸುವಿದ್ದೂ ಮನೆಯಲ್ಲಿ ಕೂರುವುದು ಸುಲಭವಲ್ಲ. ಬೇರೆ ಸಂಸ್ಥೆಗಳಲ್ಲಿ ಸ್ವಯಂಸೇವೆ ಮಾಡಲು ಅವಕಾಶವಿತ್ತು, ಎಷ್ಟೋ ಜನ ಮಾಡಿದರು.

ಇನ್ನು ದುಡ್ಡಿನ ಮಾತು. ತಿಂಗಳಿಗೆ 1,500 ಪೌಂಡ್ ಬರುತ್ತಿದ್ದವರಿಗೆ ಶೇ. 80 ಅಂದರೆ 1,200. ಅದರಲ್ಲೂ ತೆರಿಗೆ ಹಿಡಿಯುತ್ತಾರೆ. ಬಾಡಿಗೆ ಮಾತ್ರ ಶೇ. 80 ಆಗುವುದಿಲ್ಲವಲ್ಲ. ಉಳಿದ ಶೇ. 20ನ್ನು ಹಲವು ಕೌನ್ಸಿಲ್‌ಗಳು ತಮ್ಮ ಕೈಯಿಂದ ತುಂಬಿದವು. ನಮ್ಮಲ್ಲೂ ಕಾಯಂ ನೌಕರರಿಗೆ ತುಂಬಿದರು. ಅದು ಆಗಲೇಬೇಕಾದ ಕೆಲಸ.

ಆದರೆ ಕಾಯಂ ಅಲ್ಲದವರೂ ಇದ್ದರು. ವಾರಕ್ಕೆ ಇಷ್ಟು ಗಂಟೆ ಅಂತ ಗೊತ್ತಿಲ್ಲದೆ, ಕರೆದಾಗ ಬಂದು ದುಡಿಯುವವರು. ವಿದ್ಯಾರ್ಥಿಗಳು, ಚಿಕ್ಕ ಮಕ್ಕಳ ತಾಯಂದಿರು, ಎರಡು ಮೂರು ಕಡೆ ಸೇರಿಸಿ ಒಂದು ಸಂಬಳ ಮಾಡಿಕೊಳ್ಳುವವರು. ಯೋಜನೆಯಲ್ಲಿ ಇವರಿಗೂ ಜಾಗವಿತ್ತು. ಹಿಂದಿನ ವರ್ಷ ಅದೇ ತಿಂಗಳ ಗಳಿಕೆ ಅಥವಾ ವರ್ಷದ ಸರಾಸರಿ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಶೇ. 80. ಆದರೂ ನಮ್ಮ ಮೊದಲ ಪಟ್ಟಿಯಲ್ಲಿ ಅವರ ಹೆಸರುಗಳೇ ಇರಲಿಲ್ಲ. ಕೆಲಸಕ್ಕೆ ಕರೆಯದಿದ್ದರೆ ಏನೂ ಕೊಡಬೇಕಾಗಿಲ್ಲ ಅನ್ನುವುದು ಮೇಲಿನವರ ಲೆಕ್ಕ. ಯೂನಿಯನ್ನಿನವರು ಪಟ್ಟು ಹಿಡಿದ ಮೇಲೆ ಸೇರಿಸಿದರು. ಅಷ್ಟರಲ್ಲಿ ಕೆಲವರು ಸೂಪರ್‌ಮಾರ್ಕೆಟ್ಟಿಗೋ ಡೆಲಿವರಿ ಕೆಲಸಕ್ಕೋ ಹೋಗಿಬಿಟ್ಟಿದ್ದರು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕೊಡುವ ದುಡ್ಡಿನ ಬಹುಪಾಲು ಸರ್ಕಾರದ್ದು. ಬೇಕಾಗಿದ್ದದ್ದು ಅವರೂ ನಮ್ಮವರೇ ಅನ್ನುವ ಮನಸ್ಸು ಮಾತ್ರ.

ಆ ದಿನಗಳಲ್ಲಿ ಭಾರತದ ಸುದ್ದಿಯನ್ನೂ ನೋಡುತ್ತಿದ್ದೆ. ಲಾಕ್‌ಡೌನ್ ಇದ್ದರೂ ಸಂಬಳ ಕಡಿಯಬೇಡಿ ಅಂತ ಕೇಂದ್ರ ಗೃಹ ಸಚಿವಾಲಯ ಮಾರ್ಚ್ 29ರಂದು ಆದೇಶ ಹೊರಡಿಸಿತ್ತು. ಸಣ್ಣ ಅಂಗಡಿ, ಸಣ್ಣ ಕಾರ್ಖಾನೆಯವರು ಆ ದುಡ್ಡನ್ನು ಎಲ್ಲಿಂದ ತರಬೇಕು ಅನ್ನುವುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಮೇ 18ಕ್ಕೆ ಆ ಆದೇಶವೇ ಹೋಯಿತು. ಇಲ್ಲಿಯ ಯೋಜನೆ ನಡೆದದ್ದು ಸರ್ಕಾರ ಸಂಬಳದ ಲೆಕ್ಕದ ಮೂಲಕ ನೇರವಾಗಿ ಹಣ ಹಾಕಿದ್ದರಿಂದ. 2021ರ ಸೆಪ್ಟೆಂಬರ್ 30ರವರೆಗೂ ನಡೆಯಿತು. ಒಟ್ಟು ಸುಮಾರು 7,000 ಕೋಟಿ ಪೌಂಡ್ ಖರ್ಚಾಯಿತು, 1 ಕೋಟಿಗೂ ಹೆಚ್ಚು ಕೆಲಸಗಳಿಗೆ ಆಸರೆಯಾಯಿತು.

ಕೌನ್ಸಿಲ್‌ಗಳ ಪಾಡು ಮಾತ್ರ ಇದರಿಂದ ಪೂರ್ತಿ ಬಗೆಹರಿಯಲಿಲ್ಲ. ಅವು ಕಾನೂನಿನ ಪ್ರಕಾರ ಪ್ರತಿ ವರ್ಷ ಖರ್ಚು ವೆಚ್ಚ ಸರಿದೂಗಿಸಲೇಬೇಕು. ಶುಲ್ಕದ ಆದಾಯ ಹೋದದ್ದಕ್ಕೆ ಸರ್ಕಾರ ಬೇರೆ ಪರಿಹಾರ ತಂದಿತು. ಬರಬೇಕಿದ್ದ ಶುಲ್ಕದ ಆದಾಯದಲ್ಲಿ ಮೊದಲ ಶೇ. 5ರಷ್ಟು ನಷ್ಟ ಕೌನ್ಸಿಲ್‌ದು, ಅದರ ಮೇಲಿನ ನಷ್ಟಕ್ಕೆ ಪೌಂಡಿಗೆ 75 ಪೆನ್ಸ್, ಅಂದರೆ ಮುಕ್ಕಾಲು ಪಾಲು, ಸರ್ಕಾರದ್ದು. ಲಂಡನ್ನಿನ ಕ್ರಾಯ್ಡನ್ ಕೌನ್ಸಿಲ್ 2020ರ ನವೆಂಬರಿನಲ್ಲಿ ಬೊಕ್ಕಸ ಬರಿದಾಯಿತು ಅಂತ ಅಧಿಕೃತವಾಗಿ ಘೋಷಿಸಿತು. ಅಲ್ಲಿ ಹಳೆಯ ಸಾಲ, ತಪ್ಪು ಹೂಡಿಕೆಗಳೂ ಇದ್ದವು. ಆದರೂ ಆ ಸುದ್ದಿ ಕೇಳಿ ನಮ್ಮ ಆಫೀಸಿನಲ್ಲೂ ಎಲ್ಲರ ಮುಖ ಸಣ್ಣದಾಗಿತ್ತು.

ಮೂರನೇ ಲಾಕ್‌ಡೌನ್ ಸಡಿಲವಾಗಿ 2021ರ ಏಪ್ರಿಲ್ 12ರಂದು ಈಜುಕೊಳಗಳು ಮತ್ತೆ ತೆರೆದವು. ಮಕ್ಕಳ ಈಜು ತರಗತಿಗೆ ಉದ್ದನೆಯ ಕಾಯುವ ಪಟ್ಟಿ. ಕಲಿಸುವವರು ಮಾತ್ರ ಸಾಕಷ್ಟಿಲ್ಲ. ಮೊದಲ ಪಟ್ಟಿಯಲ್ಲಿ ಜಾಗ ಸಿಗದೆ ಹೋದವರಿಗೆ ಫೋನ್ ಮಾಡಿ ಬರುತ್ತೀರಾ ಅಂತ ಕೇಳಿದರು. ಕೆಲವರು ಬಂದರು. ಡೆಲಿವರಿ ಕೆಲಸದಲ್ಲಿ ವಾರಕ್ಕೆ ಇಷ್ಟು ಗಂಟೆ ಅಂತ ಖಾತ್ರಿ ಸಿಕ್ಕಿದ್ದವರು ಬರಲಿಲ್ಲ. ನಮ್ಮ ಕೌನ್ಸಿಲ್ ಆ ಜಾಗಗಳಿಗೆ ಜಾಹೀರಾತು ಕೊಡಬೇಕಾಯಿತು. ಈ ಸಲ ಅದರಲ್ಲಿ ವಾರದ ಗಂಟೆಗಳನ್ನು ಬರೆದಿದ್ದರು.