ನಾನೆತ್ತಿದರೆ ಕೈ ಹೋಗುತ್ತೆ, ಅವರೆತ್ತಿದರೆ ಇಲ್ಲ

ಫಿಸಿಯೋಥೆರಪಿ ಶುರು ಮಾಡಿ 11 ವರ್ಷ ಆಯ್ತು. ಭುಜ ಎತ್ತೋಕೆ ಆಗ್ತಿಲ್ಲ ಅಂತ ಯಾರಾದರೂ ಬಂದರೆ, ಅವರು ಕೂರುವ ಮೊದಲೇ ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದಿದೆ ಅಂತ ತೀರ್ಮಾನಿಸುವ ಚಾಳಿ ನನಗಿತ್ತು. ಅದನ್ನು ಬಿಡಿಸಿದ್ದು ಹೂ ಕಟ್ಟಿ ಮಾರುವ ಒಬ್ಬ ಅಕ್ಕ.

45ರ ಆಸುಪಾಸು, ಶುಗರ್ ಬೇರೆ ಇತ್ತು. "ಜಡೆ ಹಾಕ್ಕೊಳ್ಳೋಕೆ ಕೈ ಮೇಲೆ ಹೋಗ್ತಿಲ್ಲ ಮೇಡಂ" ಅಂದರು. ಫ್ರೋಜನ್ ಶೋಲ್ಡರ್ ಹೆಚ್ಚಾಗಿ ಬರೋದೇ ಈ ವಯಸ್ಸಿನ, ಶುಗರ್ ಇರುವವರಿಗೆ. ನನಗೆ ಇನ್ನೇನು ಬೇಕು? ಶಾಖ ಕೊಟ್ಟೆ, ಗೋಡೆ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿಕೊಟ್ಟೆ, ಎರಡು ವಾರ ಬನ್ನಿ ಅಂದೆ.

ಎರಡನೇ ವಾರ ಅವರು ಚಾಪೆಯಿಂದ ಏಳೋದು ಕಣ್ಣಿಗೆ ಬಿತ್ತು. ಮೊದಲು ಮಗ್ಗುಲಾದರು, ಮಂಡಿಯೂರಿದರು, ಸ್ಟೂಲ್ ಹಿಡಿದರು, ಆಮೇಲೆ ತೊಡೆ ಮೇಲೆ ಕೈ ಊರಿ ಹೇಗೋ ನಿಂತರು. ಮಂಡಿ ನೋವಾ ಅಂತ ಕೇಳಿದೆ. "ನೋವಿಲ್ಲ ಮೇಡಂ, ಶಕ್ತಿನೇ ಇಲ್ಲ. ಬಸ್ ಹತ್ತೋವಾಗ ಯಾರಾದ್ರೂ ಕೈ ಹಿಡಿದು ಎಳ್ಕೋಬೇಕು."

ಆಗ ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆ. ಫ್ರೋಜನ್ ಶೋಲ್ಡರ್‌ನಲ್ಲಿ ಕೀಲೇ ಬಿಗಿದಿರುತ್ತೆ, ಬೇರೆಯವರು ಎತ್ತಿದರೂ ಕೈ ಹೋಗಲ್ಲ. ಇವರ ಕೈಯನ್ನು ನಾನು ಎತ್ತಿದೆ, ಕಿವಿಯ ತನಕ ಸಲೀಸಾಗಿ ಹೋಯ್ತು. ಬಿಟ್ಟೆ, ಒದ್ದೆ ಬಟ್ಟೆ ಥರ ಬಿತ್ತು. ಅಂದರೆ ಕೀಲು ಸರಿ ಇದೆ, ಸೋತಿರೋದು ಸ್ನಾಯು. ಅರ್ಧ ನಿಮಿಷದ ಪರೀಕ್ಷೆ ಅಷ್ಟೇ.

ಆಮೇಲೆ ಒಂದೊಂದೇ ಕಾಣಿಸಿತು. ರೆಪ್ಪೆಯ ಮೇಲೆ ನೇರಳೆ ಕೆಂಪು. ಬೆರಳಿನ ಗೆಣ್ಣುಗಳ ಮೇಲೆ ಒರಟು ಕೆಂಪು ಗುಳ್ಳೆ. ಬಾಳೆನಾರು ಉಜ್ಜಿ ಆಗಿರಬೇಕು ಅಂತ ನಾನು ಸುಮ್ನೆ ಬಿಟ್ಟಿದ್ದೆ. ನುಂಗೋಕೆ ಕಷ್ಟನಾ ಅಂದರೆ, "ಮುದ್ದೆ ಇಳಿಯಲ್ಲ, ಅನ್ನ ಕಲಸಿ ತಿಂತೀನಿ" ಅಂದರು. ಬ್ಯಾಗಿನಲ್ಲಿ ಹಳೇ ರಿಪೋರ್ಟ್ ಇತ್ತು. ಎಸ್‌ಜಿಒಟಿ, ಎಸ್‌ಜಿಪಿಟಿ ಅನ್ನೋ ಲಿವರ್ ಟೆಸ್ಟಿನ ಕಿಣ್ವ ಎರಡೂ ಜಾಸ್ತಿ, ಕಾಮಾಲೆ ತೋರಿಸುವ ಬಿಲಿರುಬಿನ್ ಸರಿಯಾಗಿದೆ. ಎಲ್ಲೋ ಲಿವರ್ ಅಂತ ಹೇಳಿ ಟಾನಿಕ್ ಕೊಟ್ಟಿದ್ದರು, ಪಾಪ ಇವರು ಮೂರು ತಿಂಗಳಿಂದ ಒಗ್ಗರಣೆ ಕೂಡ ಬಿಟ್ಟಿದ್ದರು. ಆ ಎರಡು ಕಿಣ್ವ ಸ್ನಾಯುವಿನಲ್ಲೂ ಇರುತ್ತವೆ, ಸ್ನಾಯು ಹಾಳಾದರೂ ರಕ್ತಕ್ಕೆ ಸೋರುತ್ತವೆ. ಸ್ನಾಯು ಹಾಳಾಗಿದೆಯಾ ಅಂತ ತೋರಿಸುವ ಸಿಪಿಕೆ ರಕ್ತಪರೀಕ್ಷೆ ಒಂದು ಮಾಡಿಸಿದ್ದರೆ ಆಗಲೇ ಗೊತ್ತಾಗುತ್ತಿತ್ತು.

ಚೀಟಿ ಬರೆದು ಫಿಸಿಶಿಯನ್ ಹತ್ತಿರ ಕಳಿಸಿದೆ. 200ರ ಒಳಗೆ ಇರಬೇಕಾದ ಸಿಪಿಕೆ 6,000 ದಾಟಿತ್ತು. ಬೆಂಗಳೂರಿನಲ್ಲಿ ರುಮಟಾಲಜಿಸ್ಟ್ (ಕೀಲು, ಸ್ನಾಯುಗಳ ಇಂಥ ಕಾಯಿಲೆ ನೋಡುವ ಡಾಕ್ಟರ್) ನೋಡಿ ಡರ್ಮಟೋಮಯೋಸೈಟಿಸ್ ಅಂದರು. ಸೋಂಕಿನ ಮೇಲೆ ಹೋಗಬೇಕಾದ ರೋಗನಿರೋಧಕ ಶಕ್ತಿ ತನ್ನದೇ ಚರ್ಮ, ಸ್ನಾಯುಗಳ ಮೇಲೆ ತಿರುಗಿ ಬೀಳುವ ಕಾಯಿಲೆ. ಶ್ವಾಸಕೋಶಕ್ಕೂ ಬರಬಹುದು, ದೊಡ್ಡವರಲ್ಲಿ ಕೆಲವೊಮ್ಮೆ ಕ್ಯಾನ್ಸರ್ ಜೊತೆಗೂ ಬರುತ್ತೆ. ಅದಕ್ಕೇ ಸ್ಕ್ಯಾನ್‌ಗಳೆಲ್ಲಾ ಆದವು. ದೇವರ ದಯೆ, ಅವೆರಡೂ ಇರಲಿಲ್ಲ.

ಪ್ರೆಡ್ನಿಸೊಲೋನ್ ಅನ್ನೋ ಸ್ಟಿರಾಯ್ಡ್ ಮಾತ್ರೆ ಶುರುವಾಯ್ತು, ಶುಗರ್ ಏರಿತು, ಇನ್ಸುಲಿನ್ ಬಂತು. ಜೊತೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೆಥೋಟ್ರೆಕ್ಸೇಟ್. ಇದು ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಬೇರೆ ಮಾತ್ರೆಗಳ ಜೊತೆ ಒಂದೇ ಡಬ್ಬಿಯಲ್ಲಿ ಇಟ್ಟಿದ್ದರು! ನಾನೇ ಅದನ್ನು ಬೇರೆ ತೆಗೆದು ಪಟ್ಟಿಯ ಮೇಲೆ ದೊಡ್ಡದಾಗಿ 'ಸೋಮವಾರ ಮಾತ್ರ' ಅಂತ ಬರೆದೆ.

ನನ್ನ ಕೆಲಸ ಆಮೇಲಿನದು. ಈ ಕಾಯಿಲೆಗೆ ಬರೀ ವಿಶ್ರಾಂತಿ ಅಂತ ಹಿಂದೆ ಹೇಳುತ್ತಿದ್ದರು, ಈಗ ಹಾಗಲ್ಲ. ಮೊದಲು ಕೀಲುಗಳು ಬಿಗಿಯದಂತೆ ಆಡಿಸಿದೆ, ಔಷಧಿ ಹಿಡಿದು ಸಿಪಿಕೆ ಇಳಿಯೋಕೆ ಶುರುವಾದ ಮೇಲೆ ಕುರ್ಚಿಯಿಂದ ಎದ್ದು ಕೂರೋದು, ಆಮೇಲೆ ನೀರು ತುಂಬಿದ ಅರ್ಧ ಲೀಟರ್ ಬಾಟಲಿ.

ಐದನೇ ತಿಂಗಳು ಮತ್ತೆ ತೊಡೆ ಸೋತಿತು. ಸಿಪಿಕೆ ಮಾತ್ರ ಸರಿಯಾಗಿತ್ತು. ಕಾಯಿಲೆ ಮರಳಿತು, ಮಾತ್ರೆ ಹೆಚ್ಚಿಸಬೇಕೇನೋ ಅಂತ ನಾನಂದುಕೊಂಡೆ. ಡಾಕ್ಟರ್ ಪರೀಕ್ಷೆ ಮಾಡಿ ಸ್ಟಿರಾಯ್ಡ್ ಕಡಿಮೆ ಮಾಡಿದರು. ಸ್ಟಿರಾಯ್ಡ್ ಜಾಸ್ತಿ ದಿನ ತಗೊಂಡರೆ ಅದೇ ಸ್ನಾಯುವನ್ನು ಸೊರಗಿಸುತ್ತೆ ಅಂತ ಓದಿದ್ದೆ, ಕಣ್ಣೆದುರು ನೋಡಿದ್ದು ಅವತ್ತೇ.

ಈಗ ಭುಜ ಅಂತ ಬಂದವರನ್ನೂ ಒಮ್ಮೆ ಚಾಪೆ ಮೇಲೆ ಕೂರಿಸಿ ಏಳಿಸುತ್ತೇನೆ. ಕೆಲವರು ಬೈದುಕೊಳ್ಳುತ್ತಾರೆ. ಅಕ್ಕನಿಗೆ ಬಸ್ಸಿನ ಮೊದಲ ಮೆಟ್ಟಿಲು ಇನ್ನೂ ಕಷ್ಟವೇ, ಜಡೆ ಮಾತ್ರ ಈಗ ಅವರೇ ಹಾಕಿಕೊಳ್ಳುತ್ತಾರೆ.