ಬೇರೂನ್ ಕಿಲ್ಲಾದ ಮನೆ: ಹುಡುಕಾಟದ ದಿನಚರಿ

ಆಗಸ್ಟ್, ಮೊದಲ ಭಾನುವಾರ

ರಾಯಚೂರಿನಲ್ಲಿ ಮುತ್ತಜ್ಜನ ಮನೆ ಹುಡುಕುವ ಕೆಲಸ ಇವತ್ತು ಶುರು. ಕೈಯಲ್ಲಿರೋದು ಎರಡೇ. ತಗಡಿನ ಟ್ರಂಕಿನ ತಳದಲ್ಲಿ ಸಿಕ್ಕ ಒಂದು ಉರ್ದು ಕಾಗದ, ಮತ್ತೆ ಸಣ್ಣಜ್ಜಿಯ ನೆನಪು. ಸಣ್ಣಜ್ಜಿ ಅಂದರೆ ನಮ್ಮ ಅಜ್ಜನ ಕೊನೆಯ ತಂಗಿ. ಈಗ 87 ವರ್ಷ. ಆ ಮನೆಯಲ್ಲೇ ಹುಟ್ಟಿ ಬೆಳೆದವಳು.

ಹೋದಾಗ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಮನಿ ಎಲ್ಲಿತ್ತಜ್ಜಿ?"

"ಕೋಟಿ ಒಳಗ. ಇನ್ನೆಲ್ಲಿ?"

ಆಮೇಲೆ ಕೇಳದೆಯೇ ಜೋಳವನ್ನು ಮೊರದ ತುಂಬ ಹರಡಿ, ಬೆರಳಿನಿಂದ ಗೆರೆ ಎಳೆಯತೊಡಗಿದಳು. ಇದು ರಸ್ತಾ. ಇದು ಕಟ್ಟಿ. ಇದು ತಲಬಾಗಿಲು. ಇದು ಪಡಸಾಲಿ, ಇದರಾಗ ಹಗೇವು, ಮ್ಯಾಲ ಚಪ್ಪಡಿ ಕಲ್ಲು. ಒಂದು ಹರಳು ಆರಿಸಿ ಮೂಲೆಗೆ ಇಟ್ಟಳು. ಅದು ಬಾವಿ. ನಾನು ಮೊಬೈಲ್ ತೆಗೆದು ಒಂದು ಫೋಟೋ ಹೊಡೆದೆ. ಎರಡನೇದು ತೆಗೆಯೋ ಅಷ್ಟರಲ್ಲಿ ಮೊರ ಎತ್ತಿ ಕೇರಿಬಿಟ್ಟಳು. ಮನೆ ಮತ್ತೆ ಜೋಳ ಆಯಿತು.

ಮುತ್ತಜ್ಜ ಹತ್ತಿ ವ್ಯಾಪಾರಿಯೊಬ್ಬರ ಹತ್ತಿರ ಮುನೀಮನಾಗಿದ್ದ. ಸಂಜೆ ಕಾಟಿ ದರವಾಜಾ ಅನ್ನೋ ಕೋಟೆ ಬಾಗಿಲು ದಾಟಿ ಬರೋ ಅವನ ಕಂದೀಲು ಕಟ್ಟೆಯ ಮೇಲೆ ಕೂತರೆ ಕಾಣುತ್ತಿತ್ತಂತೆ. ಈ ಮಾತು ಬರೆದಿಟ್ಟುಕೊಂಡೆ, ಆದರೆ ಗಮನ ಕೊಡಲಿಲ್ಲ. ಕೊಟ್ಟಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಆಗಸ್ಟ್ ಕೊನೆ

ಮೂರು ಭಾನುವಾರ ಅಂದ್ರೂನ್ ಕಿಲ್ಲಾದ ಓಣಿಗಳಲ್ಲಿ ಕಳೆದೆ. ರಾಯಚೂರಿನವರಿಗೆ ಹೇಳಬೇಕಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ: ಫಾರಸಿಯಲ್ಲಿ ಅಂದ್ರೂನ್ ಅಂದರೆ ಒಳಗೆ, ಬೇರೂನ್ ಅಂದರೆ ಹೊರಗೆ. ಸಣ್ಣಜ್ಜಿ "ಒಳಗ" ಅಂದಳಲ್ಲ, ಹಾಗಾಗಿ ಅಂದ್ರೂನ್ ಹಿಡಿದು ಹೊರಟೆ. ಯಾರಿಗೂ ಏನೂ ಗೊತ್ತಿಲ್ಲ. ಒಬ್ಬರಂತೂ ನನ್ನ ಟೇಪು, ನೋಟ್‌ಬುಕ್ಕು ನೋಡಿ ಬಾಗಿಲು ಅರ್ಧ ಮುಚ್ಚಿಕೊಂಡೇ ಮಾತಾಡಿದರು. "ಕೇಸ್ ಗೀಸ್ ಹಾಕ್ತೀರೇನ್ರೀ?" ಅಂದರು. ಅವತ್ತಿಂದ ಯಾರ ಮನೆ ಮುಂದೆ ನಿಂತರೂ ನನ್ನ ಮೊದಲ ಮಾತು ಒಂದೇ: "ಜಾಗ ಬೇಡ್ರೀ, ಸುಮ್ನೆ ನೋಡಾಕ ಬಂದೀನಿ." ಹಳೆ ಮನೆ ಹುಡುಕುವವರು ಇದನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳಿ.

ಸೆಪ್ಟೆಂಬರ್

ಒಂದು ಕಚೇರಿಯಲ್ಲಿ ಹಳೆ ದಸ್ತಾವೇಜಿನ ನಕಲು ಕೇಳಿ ಅರ್ಜಿ ಕೊಟ್ಟಿದ್ದೆ. ನಮ್ಮ ಕಾಗದದ ಮೇಲೆ ಉರ್ದು ಅಂಕಿಯಲ್ಲಿ 1337 ಅಂತಿದೆ, ಅಷ್ಟು ನನಗೂ ಓದಲು ಬರುತ್ತೆ. ಹಿಜರಿ, ಅಂದರೆ ಮುಸ್ಲಿಂ ಪಂಚಾಂಗದ ವರ್ಷ ಅಂದುಕೊಂಡು 1918-19 ಅಂತ ಅರ್ಜಿಯಲ್ಲಿ ಬರೆದೆ. ಸಿಗಲಿಲ್ಲ ಅಂದರು. ಸಿಡಿಮಿಡಿ ಅನ್ನುತ್ತಾ ಮನೆಗೆ ಬಂದೆ. ತಪ್ಪು ನನ್ನದೇ ಅಂತ ಆಮೇಲೆ ಗೊತ್ತಾಯಿತು.

ಅಕ್ಟೋಬರ್ ಮೊದಲ ವಾರ

ಗೆಳೆಯನೊಬ್ಬ ಹಳೆಯ ಅರ್ಜಿ ಬರಹಗಾರರೊಬ್ಬರ ಮನೆಗೆ ಕರೆದುಕೊಂಡು ಹೋದ. ಎಲ್ಲರೂ ಅವರನ್ನು ಚಾಚಾ ಅಂತಾರೆ, ನಾನೂ ಹಾಗೇ ಅಂದೆ. ಕಾಗದವನ್ನು ಟೇಬಲ್ ಮೇಲೆ ಹರಡಿ, ಮಡಿಕೆ ಹರಿದಲ್ಲಿ ಎರಡೂ ತುದಿ ಕೂಡಿಸಿ, ಮೇಲೆ ಗಾಜಿನ ತುಂಡು ಇಟ್ಟರು. ಮೇಲ್ಗಡೆ ಸರ್ಕಾರ್-ಎ-ಆಲಿ ಅಂತ ನಿಜಾಮರ ಸ್ಟಾಂಪು. ಇದು ಬೈನಾಮಾ, ಅಂದರೆ ಖರೀದಿ ಪತ್ರ. ಬರಹ ಶಿಕಸ್ತಾ. ಉರ್ದು ಓದಲು ಬಂದವರಿಗೂ ಶಿಕಸ್ತಾ ಸುಲಭ ಅಲ್ಲ. ಕೈ ಎತ್ತದೆ ಓಡುತ್ತಾ ಬರೆಯುವ ಅಕ್ಷರ, ಚುಕ್ಕಿಗಳನ್ನು ಎಷ್ಟೋ ಕಡೆ ಇಡೋದೇ ಇಲ್ಲ.

"ಬೇಟಾ, ಇದು ಹಿಜರಿ ಅಲ್ಲ," ಅಂದರು ಚಾಚಾ. "ಖುರ್ದಾದ್ ಅಂತ ಬರದಾನ ನೋಡು. ಹಿಜರಿಯಾಗ ಖುರ್ದಾದ್ ಎಲ್ಲಿ ಬರ್ತದ? ಫಸಲಿ ಇದು."

ಹೈದರಾಬಾದ್ ಸಂಸ್ಥಾನದ ಕಾಗದಗಳಲ್ಲಿ ಫಸಲಿ ವರ್ಷ ನಡೆಯುತ್ತಿತ್ತು. ಅಕ್ಟೋಬರ್‌ನಲ್ಲಿ ಆಜುರ್ ತಿಂಗಳಿಂದ ಶುರು. ಇಸವಿ ಬೇಕಾದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತಾರೀಕಿಗೆ 590 ಕೂಡಿಸಬೇಕು, ಜನವರಿಯಿಂದ ಮುಂದಿನದಕ್ಕೆ 591. ಖುರ್ದಾದ್ ಏಳನೇ ತಿಂಗಳು, ಏಪ್ರಿಲ್ ಹೊತ್ತಿಗೆ ಬರುತ್ತೆ. ಹಾಗಾದರೆ ನಮ್ಮ ಕಾಗದ 1928ರದ್ದು. ನಾನು ಹತ್ತು ವರ್ಷ ಹಿಂದೆ ಹೋಗಿ ಹುಡುಕುತ್ತಿದ್ದೆ.

ಬೆಲೆ 700 ರೂಪಾಯಿ, ಸಿಕ್ಕಾ ಹಾಲಿ. ನಿಜಾಮರ ರೂಪಾಯಿ ಅದು. ಏಳು ಹಾಲಿ ಕೊಟ್ಟರೆ ಹೆಚ್ಚು ಕಡಿಮೆ ಆರು ಕಲದಾರ್, ಅಂದರೆ ಬ್ರಿಟಿಷ್ ರೂಪಾಯಿ ಬರುತ್ತಿತ್ತು. ಮುನೀಮನ ಸಂಬಳದಲ್ಲಿ 600 ಕಲದಾರ್ ಹೇಗೆ ಕೂಡಿಸಿದನೋ, ಅದನ್ನು ಯಾವ ಕಾಗದವೂ ಹೇಳೋದಿಲ್ಲ ಬಿಡಿ.

ಮನೆಯ ಅಳತೆ: ರಸ್ತೆಯ ಕಡೆ 18 ಗಜ, ಒಳಗಡೆ 11 ಗಜ. ಜಾಗ: ಬೇರೂನ್ ಕಿಲ್ಲಾ.

ಬೇರೂನ್! ಚಾಚಾನ ಕೈಲಿ ಎರಡು ಸಲ ಓದಿಸಿದೆ. ಸಣ್ಣಜ್ಜಿ ಕೋಟೆ ಒಳಗೆ ಅಂತಾಳೆ, ಕಾಗದ ಹೊರಗೆ ಅನ್ನುತ್ತೆ.

ಹುದೂದ್-ಎ-ಅರ್ಬಾ, ಅಂದರೆ ನಮ್ಮ ಚಕ್ಕುಬಂದಿ, ಹೀಗಿತ್ತು. ಪಶ್ಚಿಮಕ್ಕೆ ರಸ್ತಾ. ದಕ್ಷಿಣಕ್ಕೆ ಬಾವಡಿ. ಉತ್ತರಕ್ಕೆ ಗಾಣಿಗರ ಮನೆ. ಪೂರ್ವಕ್ಕೆ ಬಂದಾಗ ಚಾಚಾ ನಿಂತರು. "ಫಸಲಿ ಅಂತ ಕಾಣ್ತದ. ಆದರ ಚಕ್ಕುಬಂದಿಯಾಗ ವರ್ಷ ಯಾಕ ಬರದಾನ?" ಆ ಪದದ ಮೇಲೆ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿ ಬಿಟ್ಟೆವು.

ಅಕ್ಟೋಬರ್ 3ನೇ ವಾರ

ರಾತ್ರಿ ಊಟದ ಹೊತ್ತಿಗೆ ಚಾಚಾ ಫೋನ್. "ಬೇಟಾ, ಫಸಲಿ ಅಲ್ಲ. ಫಸೀಲ್!"

ಫಸೀಲ್ ಅಂದರೆ ಕೋಟೆ ಗೋಡೆ. ಎರಡೂ ಪದಕ್ಕೆ ಅವೇ ನಾಲ್ಕು ಅಕ್ಷರ: ಫೇ, ಸ್ವಾದ್, ಲಾಮ್, ಯೇ. ಕೊನೆಯ ಎರಡು ಮಾತ್ರ ಅದಲು ಬದಲು. ಯೇ ನಡುವೆ ಬಂದರೆ ಒಂದು ಸಣ್ಣ ಹಲ್ಲು, ಕೆಳಗೆ ಎರಡು ಚುಕ್ಕಿ. ಬರೆದವನು ಆ ಚುಕ್ಕಿ ಇಟ್ಟಿಲ್ಲ, ಹಲ್ಲನ್ನೂ ಓಟದಲ್ಲಿ ನುಂಗಿದ್ದಾನೆ. ಮೇಲೆಯೇ ಖುರ್ದಾದ್ 1337 ಫಸಲಿ ಅಂತ ಓದಿ ಬಂದಿದ್ದರಿಂದ ನಮ್ಮ ಕಣ್ಣು ಇಲ್ಲೂ ಅದನ್ನೇ ಕಂಡಿತು. ಚಾಚಾ ಒಂದು ವಾರ ಈ ಪದ ತಲೆಯಲ್ಲಿಟ್ಟುಕೊಂಡೇ ಓಡಾಡಿದ್ದಾರೆ. ನಾನು ಮರೆತೇ ಬಿಟ್ಟಿದ್ದೆ.

ನವೆಂಬರ್

ಪೂರ್ವಕ್ಕೆ ಗೋಡೆ ಅಂತೂ ಆಯಿತು. ಯಾವ ಗೋಡೆ? ರಾಯಚೂರು ಕೋಟೆಗೆ ಎರಡು ಸುತ್ತು. ಒಳಗಿನದು 1294ರದ್ದು, ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ್ದು. ದೊಡ್ಡ ದೊಡ್ಡ ಕಲ್ಲುಗಳನ್ನು ಗಚ್ಚು ಇಲ್ಲದೆ ಒಂದಕ್ಕೊಂದು ಕೂಡಿಸಿದ್ದಾರೆ. ಶಾಸನ ಕೆತ್ತಿರುವ ಕಲ್ಲೊಂದೇ 41 ಅಡಿ ಉದ್ದ ಇದೆ. ಅದನ್ನು ಬಂಡಿಯ ಮೇಲೆ ಎಳೆದು ತರುವ ಚಿತ್ರವೂ ಗೋಡೆಯ ಮೇಲಿದೆ. ಹೊರಗಿನ ಸುತ್ತು ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳ ಕಾಲದ್ದು. ಕಾಟಿ ದರವಾಜಾ ಈ ಹೊರಸುತ್ತಿನ ಪೂರ್ವದ ಬಾಗಿಲು. ಒಳಸುತ್ತಿಗೆ ಪೂರ್ವದಲ್ಲಿ ಸಿಕಂದರಿ ದರವಾಜಾ ಅಂತ ಬೇರೆಯೇ ಇದೆ.

ಇಷ್ಟನ್ನು ಹಾಳೆಯ ಮೇಲೆ ಬರೆದುಕೊಂಡಾಗ ನಗು ಬಂತು. ಮುತ್ತಜ್ಜ ಕಾಟಿ ದರವಾಜಾ ದಾಟಿ ಮನೆಗೆ ಬರುತ್ತಿದ್ದ. ಅಂದರೆ ಹೊರಗೋಡೆಯ ಒಳಗೆ. ಕಾಗದ ಬೇರೂನ್ ಅನ್ನುತ್ತೆ. ಅಂದರೆ ಒಳಗೋಡೆಯ ಹೊರಗೆ. ಮನೆ ಎರಡು ಗೋಡೆಗಳ ನಡುವೆ, ಪೂರ್ವದ ಹೊರಗೋಡೆಗೆ ಬೆನ್ನು ಹಚ್ಚಿಕೊಂಡು ಇತ್ತು. ಸಣ್ಣಜ್ಜಿಯೂ ಸುಳ್ಳಲ್ಲ, ಕಾಗದವೂ ಸುಳ್ಳಲ್ಲ.

ಅವಳಿಗೆ ಫೋನ್ ಮಾಡಿ ಹೇಳಿದೆ. "ನಾ ಅದನ್ನ ಹೇಳಿದ್ದಿಲ್ಲೇನು?" ಅಂದಳು.

ಡಿಸೆಂಬರ್

ಕಾಟಿ ದರವಾಜಾ ಕಡೆ ಎರಡು ಬೆಳಗು ಓಡಾಡಿದೆ. ಮನೆಗಳ ಹಿಂದೆ ಸೇರಿಕೊಂಡಿರುವ ಗೋಡೆಯ ತುಂಡುಗಳನ್ನು ಹುಡುಕುತ್ತಾ ಹೋಗಬೇಕು, ಜಾಸ್ತಿ ಕಡೆ ಹಿತ್ತಲು, ನೀರಿನ ಟ್ಯಾಂಕು, ಆಡು. ಕೊನೆಗೆ ಬಾವಿ ಸಿಕ್ಕಿತು. ಬಾವಿ ಅಂದರೆ ಈಗ ಸಿಮೆಂಟ್ ಮುಚ್ಚಿದ ಒಂದು ಕಟ್ಟೆ. ಮೇಲೆ ಹುಡುಗರು ಕೂತು ಮೊಬೈಲ್ ನೋಡುತ್ತಿದ್ದರು. ಕೆಳಗೆ ಏನಿದೆ ಅಂದರೆ, ಮುದುಕಿಯೊಬ್ಬರು "ಬಾವಡಿ ಐತಿ, ಕೂಸು ಬಿತ್ತಂತ ಮುಚ್ಚಿದ್ರು" ಅಂದರು.

ಬಾವಿಯ ಉತ್ತರಕ್ಕೆ ಮೂರು ಅಂಗಡಿ. ಮೊಬೈಲ್ ರಿಪೇರಿ, ಹಿಟ್ಟಿನ ಗಿರಣಿ, ಟೇಲರ್. ಮನೆ 50ರ ದಶಕದಲ್ಲಿ ಮಾರಿದ್ದು. ಮಣ್ಣಿನ ಮಾಳಿಗೆ, ಯಾವುದೋ ಮಳೆಗಾಲದಲ್ಲಿ ಕೂತಿದೆ, ಜಾಗ ಮೂರು ಪಾಲಾಗಿದೆ. ಟೇಪು ಹಿಡಿದೆ: 17, 17, 16. ಒಟ್ಟು 50 ಅಡಿ. ಕಾಗದದ 18 ಗಜ ಅಂದರೆ 54 ಅಡಿ. ನಾಲ್ಕು ಅಡಿ ಕಡಿಮೆ.

ಉತ್ತರದ ಮನೆಯವರು ಒತ್ತಿರಬಹುದು ಅಂದುಕೊಂಡೆ. ಅಥವಾ ಇದು ಆ ಮನೆಯೇ ಅಲ್ಲ. ಇದೇ ಬೇಜಾರಿನಲ್ಲಿ ಎರಡು ವಾರ ಆ ಕಡೆ ಹೋಗಲಿಲ್ಲ.

ಜನವರಿ, ಸಂಕ್ರಾಂತಿ ಮರುದಿನ

ಹಬ್ಬಕ್ಕೆ ಸಣ್ಣಜ್ಜಿಗೆ ಎಳ್ಳು-ಬೆಲ್ಲ ಕೊಡಲು ಹೋದಾಗ ನಾಲ್ಕು ಅಡಿಯ ಮಾತು ತೆಗೆದೆ. ಮೊರದ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, ಹರಳಿನ ಪಕ್ಕ ಉಗುರು ಇಟ್ಟಳು. "ಇಲ್ಲಿ ಸಂದಿ ಇತ್ತಲ್ಲೋ. ಕೊಡ ತಗೊಂಡು ಬಾವಿಗೆ ಹೋಗಾಕ." ಫೋಟೋ ದೊಡ್ಡದು ಮಾಡಿದೆ. ಜೋಳದಲ್ಲಿ ಗೆರೆ ಇದೆ. ಅಷ್ಟು ದಿನ ನಾನು ಅದನ್ನು ಮೊರದ ಅಂಚಿನ ನೆರಳು ಅಂದುಕೊಂಡಿದ್ದೆ.

ಇವತ್ತು ಬೆಳಗ್ಗೆ ಹೋದೆ. ಟೇಲರ್ ಅಂಗಡಿಗೂ ಬಾವಿಕಟ್ಟೆಗೂ ನಡುವೆ ಒಂದು ತಗಡು ಒರಗಿಸಿದ್ದಾರೆ. ಮೂರು ಸಲ ಅದರ ಮುಂದೆಯೇ ನಿಂತು ಟೇಪು ಹಿಡಿದಿದ್ದೆ. ಟೇಲರ್ ಅಣ್ಣನಿಗೆ ಮೊದಲು "ಜಾಗ ಬೇಡ್ರೀ" ಅಂದೆ. ನಕ್ಕು ಎದ್ದು ಬಂದು ತಗಡು ಸರಿಸಿದರು. ಒಳಗೆ ಬಟ್ಟೆ ಚೂರು, ಒಡೆದ ಬಕೆಟ್, ಒಂದು ಬೆಕ್ಕು. ಬಾಯಿಯಲ್ಲಿ ಅಡ್ಡ ಅಳೆದರೆ 4 ಅಡಿ 2 ಇಂಚು.

ಉದ್ದಕ್ಕೂ ಟೇಪು ಬಿಟ್ಟುಕೊಂಡು ಅಡ್ಡಡ್ಡವಾಗಿ ಒಳಗೆ ಸರಿದೆ. 33 ಅಡಿಗೆ ಕೈ ಕಲ್ಲಿಗೆ ತಾಗಿತು. ಮೊಬೈಲ್ ಟಾರ್ಚ್ ಹಾಕಿ ಸಂದುಗಳನ್ನು ನೋಡಿದೆ. ಉಗುರಿನಿಂದ ಕೆರೆದರೆ ಗಚ್ಚು ಬೆಳ್ಳಗೆ ಪುಡಿಯಾಗಿ ಬೆರಳಿಗೆ ಬಂತು.