ಒಣ ಮನೆಗೆ ತೇವ: ಫರ್ನೇಸ್‌ಗೆ ಹ್ಯೂಮಿಡಿಫೈಯರ್ ಜೋಡಿಸುವ ಕೆಲಸ

ನವೆಂಬರ್ 23, ಮಿನಿಯಾಪೊಲಿಸ್, ಅಮೆರಿಕ

ಮನೆ ಬಿಸಿ ಮಾಡುವ ಫರ್ನೇಸ್ ಹಗಲೂ ರಾತ್ರಿ ಓಡಲು ಶುರುವಾಗಿದೆ, ಒಳಗಿನ ಗಾಳಿಯೆಲ್ಲ ಒಣ. ಹಿಮ್ಮಡಿ ಒಡೆದಿದೆ, ಬಾಗಿಲ ಹಿಡಿ ಮುಟ್ಟಿದರೆ ಸಣ್ಣ ಕರೆಂಟ್ ಹೊಡೆದಂತೆ ಚುರ್ ಎನ್ನುತ್ತದೆ. ಅದನ್ನೆಲ್ಲ ತಡೆದುಕೊಳ್ಳಬಹುದು. ಆದರೆ ನಿನ್ನೆ ನನ್ನ ಹೆಂಡತಿಯ ವೀಣೆಯ ಕೊಡದ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡಿತು. ಮೈಸೂರಿನಿಂದ ತಂದ ಬೀಟೆ ಮರದ ವೀಣೆ. ಇನ್ನು ಸುಮ್ನೆ ಕೂರೋಕಾಗಲ್ಲ. ಬಿರುಕಿನ ಎರಡೂ ತುದಿಗೆ ಸಣ್ಣ ಟೇಪ್ ಅಂಟಿಸಿದ್ದೇನೆ, ಬೆಳೆದರೆ ಗೊತ್ತಾಗಲಿ ಅಂತ.

ಮೊದಲು ತೇವಾಂಶದ ಮೀಟರ್ ಪರೀಕ್ಷೆ. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಕೆಲವು ಹನಿ ನೀರು ಬಿಟ್ಟು ಕೆಸರಿನಂತೆ ಮಾಡಿ, ಮೀಟರ್ ಜೊತೆ ಜಿಪ್ ಕವರ್‌ನಲ್ಲಿ ರಾತ್ರಿಯಿಡೀ ಮುಚ್ಚಿಟ್ಟೆ. ಶೇ. 75 ತೋರಿಸಬೇಕು. ನನ್ನದು 71. ನಾಲ್ಕು ಕೂಡಿಸಿದರೂ ಹಾಲ್‌ನಲ್ಲಿ ಬರೀ 19!

ತಪ್ಪು ಫರ್ನೇಸ್‌ದಲ್ಲ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯುವುದೇ ಸುಮಾರು 1 ಗ್ರಾಂ ನೀರಾವಿ. 21 ಡಿಗ್ರಿಯಲ್ಲಿ ಸುಮಾರು 18 ಗ್ರಾಂ ಹಿಡಿಯುತ್ತದೆ. ಸಂದುಗಳಿಂದ ನುಗ್ಗಿದ ಹೊರಗಿನ ಗಾಳಿ ಒಳಗೆ ಬಿಸಿಯಾದಾಗ, ಅದಕ್ಕೆ ಸಿಕ್ಕಿದ್ದೆಲ್ಲ ಹೀರುವಷ್ಟು ದಾಹ.

ನವೆಂಬರ್ 30

ಇವತ್ತು ಗಾಳಿಗೆ ತೇವ ಸೇರಿಸುವ ಬೈಪಾಸ್ ಹ್ಯೂಮಿಡಿಫೈಯರ್ ಕೂರಿಸಿದೆ. ಕಲಬುರಗಿಯಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನಮ್ಮ ಬೇಸಿಗೆಯ ಕೂಲರ್ ಇದ್ದ ಹಾಗೆಯೇ. ಅಲ್ಲಿ ಹುಲ್ಲಿನ ಪ್ಯಾಡ್, ಇಲ್ಲಿ ಅಲ್ಯೂಮಿನಿಯಂ ಜಾಲರಿಯ ಪ್ಯಾಡ್. ಮೇಲಿಂದ ನೀರು ಇಳಿಯುತ್ತದೆ, ನಡುವೆ ಗಾಳಿ ಹಾಯುತ್ತದೆ. ಬೇರೆ ಫ್ಯಾನ್ ಇಲ್ಲ. ಫರ್ನೇಸ್‌ನಿಂದ ಹೊರಡುವ ಬಿಸಿ ಗಾಳಿಯ ಒತ್ತಡ ಜಾಸ್ತಿ, ವಾಪಸ್ ಬರುವ ಕಡೆ ಕಡಿಮೆ. ಎರಡನ್ನೂ 6 ಇಂಚಿನ ಕೊಳವೆ ಸೇರಿಸಿದರೆ ಗಾಳಿ ತಾನಾಗಿ ಹರಿಯುತ್ತದೆ.

ಮೊದಲು ಬ್ರೇಕರ್ ಆಫ್. ಗಾಳಿ ಫರ್ನೇಸ್‌ಗೆ ವಾಪಸ್ ಬರುವ ಡಕ್ಟ್‌ನ ತಗಡು ಕತ್ತರಿಸಿ ಹ್ಯೂಮಿಡಿಫೈಯರ್ ಪೆಟ್ಟಿಗೆ ಕೂರಿಸಿದೆ. ಬಿಸಿ ಗಾಳಿಯ ಕಡೆ ತೂತು ಮಾಡುವಾಗ ಕೈ ನಡುಗಿತು, ಒಳಗೆ ಏಸಿ ಕಾಯಿಲ್ ಇದೆ. ಡ್ರಿಲ್ ತಗುಲಿದರೆ ಗ್ಯಾಸೆಲ್ಲ ಹೋಯಿತು. ಅದರ ಮೇಲ್ತುದಿ ಎಲ್ಲಿದೆ ಅಂತ ಮೂರು ಸಲ ಅಳೆದ ಮೇಲೇ ತೂತು ಮಾಡಿದೆ. ಆಮೇಲೆ ಬಿಸಿನೀರಿನ ಪೈಪಿನಿಂದ ಸಂಪರ್ಕ, 24 ವೋಲ್ಟ್‌ನ ವಾಲ್ವ್, ನೆಲದ ಡ್ರೈನ್‌ವರೆಗೆ ಇಳಿಜಾರಾಗಿ ಒಂದು ಪೈಪ್.

ಡಿಸೆಂಬರ್ 4

ಮೂರು ದಿನವಾದರೂ ಶೇ. 21 ದಾಟಲಿಲ್ಲ. ಪ್ಯಾಡ್ ಒದ್ದೆ, ನೀರು ಹರಿಯುತ್ತಿದೆ, ವಾಲ್ವ್ ಟಕ್ ಅನ್ನುತ್ತಿದೆ. ಕೊನೆಗೆ ಬೈಪಾಸ್ ಕೊಳವೆಗೆ ಕೈಯಿಟ್ಟು ನೋಡಿದೆ, ತಣ್ಣಗಿತ್ತು! ಅದರೊಳಗಿನ ಮುಚ್ಚುಪಟ್ಟಿ ಇನ್ನೂ ‘ಬೇಸಿಗೆ’ ಗುರುತಿನಲ್ಲೇ ನಿಂತಿತ್ತು. ತಿರುಗಿಸಿದೆ. ಹತ್ತು ನಿಮಿಷದಲ್ಲಿ ಕೊಳವೆ ಬಿಸಿ, ಮರುದಿನ ಬೆಳಿಗ್ಗೆ ಮೀಟರ್‌ನಲ್ಲಿ 29. ನಿಮ್ಮಲ್ಲೂ ಏರದಿದ್ದರೆ ಮೊದಲು ಅದನ್ನೇ ಮುಟ್ಟಿ ನೋಡಿ.

ಡಿಸೆಂಬರ್ 15

ಆಸೆಯಿಂದ ತೇವಾಂಶವನ್ನು ಶೇ. 38ಕ್ಕೆ ಇಟ್ಟಿದ್ದೆ. ರಾತ್ರಿ ಹೊರಗೆ ಮೈನಸ್ 23. ಬೆಳಿಗ್ಗೆ ಕಿಟಕಿ ಗಾಜಿನ ಕೆಳಗಂಚಿಗೆ ಮಂಜುಗಡ್ಡೆ ಕಟ್ಟಿತ್ತು, ಕರಗಿದ್ದು ಚೌಕಟ್ಟಿನ ಮರಕ್ಕೆ ಇಳಿದಿತ್ತು. ಹೀಗೇ ಬಿಟ್ಟರೆ ಮರ ಕೊಳೆಯುತ್ತದೆ, ಗೋಡೆಗೆ ಬೂಸ್ಟು ಬರುತ್ತದೆ. ವೀಣೆಗೆ ಇನ್ನಷ್ಟು ತೇವ ಬೇಕಿತ್ತು, ಆದರೆ ಕಿಟಕಿ ಕೇಳುವುದಿಲ್ಲ. ಈಗ ಹೊರಗೆ ಚಳಿ ಏರಿದಷ್ಟೂ ಒಳಗೆ ಇಳಿಸುತ್ತೇನೆ: ಮೈನಸ್ 12ಕ್ಕೆ ಶೇ. 30, ಮೈನಸ್ 18ಕ್ಕೆ 25, ಮೈನಸ್ 23ಕ್ಕೆ 20. ಚಳಿ ತೀರಾ ಜಾಸ್ತಿಯಾದ ದಿನ ವೀಣೆ ಪೆಟ್ಟಿಗೆಯೊಳಗೆ, ಜೊತೆಗೊಂದು ಒದ್ದೆ ಸ್ಪಂಜಿನ ಡಬ್ಬಿ.

ಡ್ರೈನ್ ನೀರನ್ನೂ ಬಕೆಟ್‌ನಲ್ಲಿ ಹಿಡಿದು ಅಳೆದೆ. ಗಂಟೆಗೆ ಸುಮಾರು 11 ಲೀಟರ್ ಒಳಹೋದರೆ 8ರಷ್ಟು ಹೊರಬಂತು. ಹೊಟ್ಟೆ ಉರಿಯಿತು. ಆದರೆ ಆ ನೀರೇ ಪ್ಯಾಡಿನ ಸುಣ್ಣವನ್ನು ತೊಳೆದುಕೊಂಡು ಹೋಗುವುದು. ಕಲಬುರಗಿಯ ಕೂಲರ್‌ನಲ್ಲಿ ಅದೇ ನೀರು ಮತ್ತೆ ಮತ್ತೆ ಸುತ್ತಿ, ಮೇ ಮುಗಿಯುವಷ್ಟರಲ್ಲಿ ಹುಲ್ಲೆಲ್ಲ ಬೆಳ್ಳಗೆ ಗಟ್ಟಿಯಾಗುತ್ತಿತ್ತು. ಇಲ್ಲೂ ಮೇಲಿನ ಮೂಲೆಯಲ್ಲಿ ಬಿಳಿ ಪುಡಿ ಶುರುವಾಗಿದೆ, ಹೊಸ ಪ್ಯಾಡ್ ತರಿಸಿಟ್ಟಿದ್ದೇನೆ.

ವೀಣೆಯ ಬಿರುಕು ಟೇಪ್ ದಾಟಿಲ್ಲ.